ಮಕ್ತಲದಲ್ಲಿ ಕೇಳಿದ ಕೊನೆ

ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಕಾದಂಬರಿ ನಾಲ್ಕೇ ನಾಲ್ಕು. ಇದನ್ನು ಓದಿರಿ, ಚೆನ್ನಾಗಿದೆ ಎಂದು ಮನೆಮನೆಗೆ ಹೇಳಿ ಕೊಟ್ಟವು ಎಷ್ಟೋ. ಇದರಲ್ಲಿ ಮೋಸವೇನೂ ಇರಲಿಲ್ಲ. ಸೀರೆ ಮಾರುವವನು ಎಲ್ಲ ಸೀರೆಗಳನ್ನೂ ಉಟ್ಟು ನೋಡಿ ಮಾರುವುದಿಲ್ಲ. ಈಗಲೂ ನೆರೆಮನೆಯ ಹುಡುಗಿಯರು ಬಂದು, "ಅಜ್ಜಿ, ಹೊಸಾದು ಯಾವುದರ ಛಲೋ ಕಾದಂಬರಿ ಇದ್ರ ಹೇಳ್ರಿ" ಎಂದರೆ ನನಗೆ ಮೊದಲು ಮೊಣಕಾಲು ನೋಯುತ್ತದೆ. ಅಷ್ಟು ನಡೆದಿದ್ದೇನೆ.

ಆಗ ನಿಜಾಮರ ರಾಜ್ಯ. ಗಂಡ ಸತ್ತ ಮೇಲೆ ನಾನು ಬುಟ್ಟಿ ಹೊತ್ತೆ. ಬುಟ್ಟಿಯಲ್ಲಿ ಸೂಜಿ, ದಾರ, ಹಣಿಗೆ, ಕುಂಕುಮ, ಕಾಡಿಗೆ ಡಬ್ಬಿ. ನಾರಾಯಣಪೇಟೆ, ಮಕ್ತಲ, ಹೊಳೆ ದಾಟಿ ಗದ್ವಾಲ. ಒಂದು ಸುತ್ತು ಮುಗಿಯಲು ತಿಂಗಳು ಬೇಕು. ಸಿಕ್ಕರೆ ಬಂಡಿ, ಇಲ್ಲದಿದ್ದರೆ ಕಾಲು. ಸಾಮಾನು ತುಂಬಿಸಿಕೊಳ್ಳಲು ರಾಯಚೂರಿಗೆ ಹೋಗಬೇಕಿತ್ತು. ಅಲ್ಲಿ ಪಾಟಿ, ಕಾಗದ, ಪಂಚಾಂಗ ಮಾರುವ ಒಬ್ಬ ಅಂಗಡಿಯವನು ಧಾರವಾಡದ ಕಡೆಯಿಂದ ರೈಲಿನಲ್ಲಿ ಕನ್ನಡ ಕಾದಂಬರಿಗಳನ್ನು ತರಿಸುತ್ತಿದ್ದ. ಅವನ ಅಂಗಡಿಗೆ ಬರುವವರು ಗಂಡಸರು. ಗಂಡಸರು ಪಂಚಾಂಗ ಕೊಂಡು ಹೋಗುತ್ತಿದ್ದರು, ಕಾದಂಬರಿ ಮುಟ್ಟುತ್ತಿರಲಿಲ್ಲ. ಒಂದು ದಿನ ಬೇಸತ್ತು ಒಂದು ಕಟ್ಟನ್ನು ನನ್ನ ಬುಟ್ಟಿಯೊಳಗೆ ಇಟ್ಟ.

"ಹೆಣ್ಣುಮಕ್ಕಳ ಕಡೆ ಒಯ್ದು ನೋಡು. ಓದಾಕ ಕೊಡು, ಓದಿದ ಮ್ಯಾಲ ಇಸಗೊಂಡು ಬಾ."

"ಇದರಾಗ ಏನೈತ್ರಿ?"

"ನಾ ಏನು ಓದೀನೇನು? ಇದು ಖೂನೀದು. ಇದು ರಾಜಂದು. ಇದು ಗಂಡ ಹೆಂಡ್ತೀದು. ಇದು ಏನೋ, ರೈಲಿನಾಗ ಬೆನ್ನು ಹತ್ತತಾರಂತ."

ನನಗೆ ಸಿಕ್ಕ ತರಬೇತಿ ಇಷ್ಟೇ.

ನಮ್ಮ ಕಡೆ ಸರ್ಕಾರಿ ಶಾಲೆ ಎಂದರೆ ಉರ್ದು. ಗಂಡಸರು ಉರ್ದು ಕಲಿತಿದ್ದರು, ಪೇಟೆಯ ವ್ಯವಹಾರಕ್ಕೆ ತೆಲುಗು ಬರುತ್ತಿತ್ತು. ಮನೆಯಲ್ಲಿ ಆಡುವುದು ಕನ್ನಡ, ಆದರೆ ಅದನ್ನು ಓದಲು ಬರುವವರು ಓಣಿಗೆ ಒಬ್ಬರೋ ಇಬ್ಬರೋ. ಅವರೂ ಹೆಚ್ಚಾಗಿ ರಾಯಚೂರು, ಯಾದಗಿರಿ ಕಡೆಯಿಂದ ಸೊಸೆಯಾಗಿ ಬಂದವರು, ಮಠದಲ್ಲಿಯೋ ಅಪ್ಪನ ಹತ್ತಿರವೋ ಅಕ್ಷರ ಕಲಿತವರು. ನನ್ನ ಓದೂ ಮಠದ್ದೇ. ನಮ್ಮಪ್ಪ ಮಠದ ಅಂಗಳ ಗುಡಿಸುತ್ತಿದ್ದ. ಅಲ್ಲಿಯ ಅಯ್ಯನವರು ನನ್ನನ್ನು ಮರಳಿನ ಮುಂದೆ ಕೂರಿಸಿ ಬೆರಳು ಹಿಡಿದು ತಿದ್ದಿಸಿದರು. ಒತ್ತಕ್ಷರದ ತನಕ ಬಂದಿತ್ತು, ಅಷ್ಟರಲ್ಲಿ ನನ್ನ ಮದುವೆಯಾಯಿತು. ಹಾಗಾಗಿ ನಾನು ಓದುವುದೆಂದರೆ ಮುಳ್ಳಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದಂತೆ. ಒಂದು ಪುಟಕ್ಕೆ ಒಂದು ಮಧ್ಯಾಹ್ನ.

ಇನ್ನು ಯಾವ ಪುಸ್ತಕ ಚೆನ್ನಾಗಿದೆ ಎಂದು ಹೇಗೆ ಹೇಳುವುದು? ಅದಕ್ಕೆ ನಾನೇ ಒಂದು ರೂಢಿ ಹಾಕಿದೆ. ಪುಸ್ತಕ ಒಯ್ಯುವಾಗ ಒಂದು ಬೊಗಸೆ ಜೋಳ ಕೊಡಬೇಕು. ತಿರುಗಿ ಕೊಡುವಾಗ ಅದರ ಕಥೆ ಹೇಳಬೇಕು. ಮೊದಲಿನಿಂದ ಕೊನೆಯವರೆಗೆ, ಒಂದೂ ಬಿಡದೆ. ಕಥೆ ಹೇಳದ ಹೊರತು ನಾನು ಪುಸ್ತಕ ತಿರುಗಿ ಇಸಿದುಕೊಳ್ಳುತ್ತಿರಲಿಲ್ಲ, ಮುಂದಿನದನ್ನೂ ಕೊಡುತ್ತಿರಲಿಲ್ಲ. ಅಕ್ಕಿ ಆರಿಸುತ್ತ, ಕಂಡಿಕೆಗೆ ನೂಲು ಸುತ್ತುತ್ತ, ಮಗುವಿಗೆ ಹಾಲು ಕುಡಿಸುತ್ತ ಹೇಳುತ್ತಿದ್ದರು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಅವರು ಎಲ್ಲಿ ದನಿ ತಗ್ಗಿಸಿದರು, ಎಲ್ಲಿ ಬೇಗಬೇಗ ದಾಟಿಸಿದರು ಎಂಬುದರಿಂದ ಆ ಪುಸ್ತಕ ಯಾವ ಮನೆಗೆ ಆಗುತ್ತದೆ ಎಂದು ತಿಳಿಯುತ್ತಿತ್ತು.

ಖೂನಿಯ ಪುಸ್ತಕಗಳಲ್ಲಿ ಹೇಳುವುದು ಸುಲಭ, ಸುಮ್ಮನಿರುವುದು ಕಷ್ಟ. ಕೊಂದವರು ಯಾರು ಎಂದು ನನಗೆ ಒಬ್ಬಳು ಹೇಳಿರುತ್ತಿದ್ದಳು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮುಂದಿನವಳಿಗೆ ಪುಸ್ತಕ ಕೊಡಬೇಕು. ನಾರಾಯಣಪೇಟೆಯಲ್ಲಿ ಒಬ್ಬ ಹೆಂಗಸು ಅರ್ಧ ಓದಿ ನನ್ನನ್ನು ಬಾಗಿಲಲ್ಲೇ ತಡೆಯುತ್ತಿದ್ದಳು.

"ಅಡಿಗಿಯಾಂವ ಹೌದಿಲ್ಲೋ? ನಿನ್ನ ಮಾರಿ ನೋಡಿದ್ರ ಗೊತ್ತಾಗಾಕತ್ತೈತಿ."

"ನನ್ನ ಮಾರಿ ಹುಟ್ಟಿದಾಗಿಂದ ಹಿಂಗ ಐತ್ರಿ."

ಮಕ್ತಲದ ಪೊಲೀಸ್ ನಾಕಾದಲ್ಲಿ ಒಬ್ಬ ಜವಾನ ನನ್ನ ಬುಟ್ಟಿ ತಡೆದ. ಆಗ ಕಾಗದ ಪತ್ರ ಎಂದರೆ ಅವರಿಗೆ ಅನುಮಾನ. "ಏ ಬಾಯಿ, ಏ ಕ್ಯಾ ಕಿತಾಬಾಂ?" ಎಂದ. ಕಥೆ ಪುಸ್ತಕ ಸಾಬ, ಖೂನಿ ಕಥೆ ಎಂದೆ. ಯಾರನ್ನು ಕೊಂದರು ಎಂದು ಕೇಳಿದ. ಜಹಗೀರದಾರನನ್ನು ಎಂದೆ. ಅವನ ಮುಖ ಅರಳಿತು. ಅವತ್ತು ಎರಡು ಅಧ್ಯಾಯ ಹೇಳಿಸಿಕೊಂಡು ಬಿಟ್ಟ. ಮುಂದಿನ ಸಲ ಮತ್ತೆ ಎರಡು. ಕೊಂದವನು ಯಾರೆಂದು ಅವನಿಗೆ ಕೊನೆಗೂ ಹೇಳಲಿಲ್ಲ. ಹೇಳಿದ್ದರೆ ಅದರ ಮುಂದಿನ ಸಲ ಬುಟ್ಟಿ ಜಾಲಾಡುತ್ತಿದ್ದ.

ಗದ್ವಾಲದಲ್ಲಿ ನಮ್ಮ ಭಾಷೆಯ ಮನೆಗಳು ಕಡಿಮೆ. ರಾಯಚೂರಿನಿಂದ ಬಂದು ನೆಲೆಸಿದ ವ್ಯಾಪಾರಿಗಳ ಕೆಲವು ಮನೆ, ಅಷ್ಟೇ. ಹರಿಗೋಲಿನಲ್ಲಿ ಹೊಳೆ ದಾಟುವಾಗ ಪುಸ್ತಕಗಳನ್ನು ಸೀರೆಯಲ್ಲಿ ಸುತ್ತಿ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಅಲ್ಲಿ ಒಬ್ಬ ಹಿರಿಯಳು ರಾಜರ ಕಥೆ ಬಿಟ್ಟು ಬೇರೆ ಏನನ್ನೂ ಓದುತ್ತಿರಲಿಲ್ಲ. ಮನೆ ಮುಂದೆಯೇ ಕೋಟೆ ಇತ್ತಲ್ಲ, ರಾಜರ ವಿಷಯದಲ್ಲಿ ಅವಳಿಗೆ ಸಲಿಗೆ. ಪುಸ್ತಕ ತಿರುಗಿ ಕೊಡುತ್ತ ಅವಳು ಹೇಳಿದ್ದು ಇದು:

"ಈ ರಾಜ ಯುದ್ಧಕ್ಕ ಹೊಂಟು ಮೂರು ಅಧ್ಯಾಯ ಆತು. ಒಂದು ತುತ್ತು ಉಂಡಿಲ್ಲ. ಕುದುರಿಗೂ ನೀರು ಕುಡಿಸಿಲ್ಲ. ಬರದಾಂವ ಎಂದಾರ ಊರು ಬಿಟ್ಟು ಹೋಗ್ಯಾನೇನು?"

ಅವಳಿಗೆ ರಾಜರು ಉಣ್ಣುವ ಕಾದಂಬರಿಗಳನ್ನೇ ಹುಡುಕಿ ಕೊಟ್ಟೆ. ಎರಡು ಸಿಕ್ಕವು. ಅವು ಮುಗಿದ ಮೇಲೆ ಅವಳು ಮೊದಲಿನದನ್ನೇ ಮತ್ತೆ ಓದಿದಳು.

ಗಂಡ ಹೆಂಡತಿಯ ಕಥೆಗಳದ್ದು ಬೇರೆ ಕಾನೂನು. ಅಲ್ಲಿ ಕೊನೆಯನ್ನು ಮೊದಲೇ ಹೇಳಬೇಕು. ಪುಸ್ತಕ ಓದುವವಳು ಸೊಸೆ, ಓದಲು ಬಿಡುವವಳು ಅತ್ತೆ. ಅತ್ತೆಯರು ಬುಟ್ಟಿಯ ಮೇಲೆ ಕೈ ಇಟ್ಟು ಕೇಳುತ್ತಿದ್ದರು: "ಕೊನೀಗೆ ಏನಾಗತೈತಿ, ಅದನ್ನ ಹೇಳು. ಆಮ್ಯಾಲ ಒಳಗ ಬಿಡತೀವಿ." ನಾನು ಹೇಳುತ್ತಿದ್ದೆ. ಕಥೆಯ ಸೊಸೆ ಮನೆಯಲ್ಲಿ ನಿಂತರೆ ಪುಸ್ತಕವೂ ಮನೆಯಲ್ಲಿ ನಿಲ್ಲುತ್ತಿತ್ತು.

ಮಕ್ತಲದಲ್ಲಿ ಧಾನ್ಯದ ಅಡತಿ ಅಂಗಡಿಯವರ ಮನೆ ಒಂದಿತ್ತು. ಆ ಮನೆಯ ಯಜಮಾನಿಗೆ ಐವತ್ತು ದಾಟಿತ್ತು, ಮೂವರು ಸೊಸೆಯರು. ತಾನೇ ಓದುತ್ತಿದ್ದಳು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ನನಗೆ ಕಥೆ ಹೇಳುವವರಲ್ಲಿ ಅವಳ ಹಾಗೆ ಹೇಳುವವರು ಇನ್ನೊಬ್ಬರಿರಲಿಲ್ಲ. ಯಾರು ಯಾವ ಸೀರೆ ಉಟ್ಟಿದ್ದರು ಎಂಬುದನ್ನೂ ಬಿಡುತ್ತಿರಲಿಲ್ಲ. ಅವಳು ಚೆನ್ನಾಗಿದೆ ಎಂದರೆ ನಾನು ಕಣ್ಣು ಮುಚ್ಚಿ ಹತ್ತು ಮನೆಗೆ ಹೇಳುತ್ತಿದ್ದೆ.

ಆ ವರ್ಷ ಬಂದ ಹೊಸ ಕಾದಂಬರಿಯೊಂದನ್ನು ಅವಳಿಗೇ ಮೊದಲು ಕೊಟ್ಟಿದ್ದೆ. ಯಾವುದೋ ಪಟ್ಟಣದ ಗುಮಾಸ್ತನ ಹೆಂಡತಿಯ ಕಥೆ. ಗಂಡ ಹೊಡೆಯುವುದಿಲ್ಲ, ಮಾತೂ ಆಡುವುದಿಲ್ಲ. ಅತ್ತೆ ಉಪ್ಪಿನ ಡಬ್ಬಿಗೂ ಬೀಗ ಹಾಕುತ್ತಾಳೆ. ಮಕ್ತಲದವಳು ಕೊನೆಯನ್ನು ಹೀಗೆ ಹೇಳಿದಳು:

"ಟ್ರಂಕು ತಗೊಂಡು ಸ್ಟೇಷನ್ನಿಗೆ ಹೋಗತಾಳ. ಗಾಡಿ ಬರತೈತಿ. ಹತ್ತಂಗಿಲ್ಲ. ತಿರುಗಿ ಬಂದು ಅತ್ತಿ ಕಾಲಿಗೆ ಬೀಳತಾಳ. ವರ್ಷ ತುಂಬೂದ್ರಾಗ ತೊಟ್ಲ ಕಟ್ಟತಾರ. ಭಾಳ ಛಲೋ ಐತಿ. ಹರೇದ ಸೊಸ್ತೇರು ಇದ್ದ ಮನಿಗೆ ಕೊಡು."

ನಾರಾಯಣಪೇಟೆಯಲ್ಲಿ ಮೂರು ಮಗ್ಗದ ಒಂದು ನೇಕಾರರ ಮನೆ ಇತ್ತು. ಅಪ್ಪ, ಅಮ್ಮ, ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಕನ್ನಡ ಓದಲು ಬರುವುದು ಕಿರಿಯ ಸೊಸೆಗೆ ಮಾತ್ರ. ಯಾದಗಿರಿ ಕಡೆಯ ಹುಡುಗಿ. ಮದುವೆಯಾಗಿ ಎರಡನೇ ವರ್ಷ, ಮಕ್ಕಳಾಗಿರಲಿಲ್ಲ. ತಾಯಿ ಸತ್ತಿದ್ದಳು. ತವರಿನಲ್ಲಿ ಅಣ್ಣನ ಹೆಂಡತಿಯ ರಾಜ್ಯ, ಹಬ್ಬಕ್ಕೂ ಕರೆಯುತ್ತಿರಲಿಲ್ಲ. ಈ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಆಕೆ ಮಗ್ಗದ ಕುಣಿಯ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು. ಗಂಡಸರು ಲಾಳಿ ಎಸೆಯುತ್ತ ಕೇಳುತ್ತಿದ್ದರು, ಹೆಂಗಸರು ರಾಟಿ ತಿರುಗಿಸುತ್ತ ಕೇಳುತ್ತಿದ್ದರು. ಅವಳ ಪಾಲಿನ ಕಂಡಿಕೆಗಳನ್ನು ಹಿರಿಯ ಸೊಸೆಯರು ಸುತ್ತಬೇಕು. ಅದಕ್ಕೆ ಅವರಿಗೆ ಹೊಟ್ಟೆಯುರಿ, ಆದರೆ ಕಥೆ ನಿಂತರೆ ಇನ್ನೂ ಹೊಟ್ಟೆಯುರಿ.

ಆ ಮನೆಯ ಅತ್ತೆ ಬುಟ್ಟಿಯ ಮೇಲೆ ಕೈ ಇಟ್ಟು ಕೇಳಿದಳು. ನಾನು ಮಕ್ತಲದಲ್ಲಿ ಕೇಳಿದ ಕೊನೆಯನ್ನು ಎಲ್ಲರ ಮುಂದೆ ಹೇಳಿದೆ. ತಿರುಗಿ ಬರುತ್ತಾಳೆ, ಕಾಲಿಗೆ ಬೀಳುತ್ತಾಳೆ, ತೊಟ್ಟಿಲು ಕಟ್ಟುತ್ತಾರೆ. ಅತ್ತೆ ಕಿರಿಯ ಸೊಸೆಯ ಕಡೆ ನೋಡಿ, "ಹಾಂ, ಇಂಥಾದು ಬೇಕಿತ್ತು" ಎಂದಳು. ಜೋಳ ಎರಡು ಬೊಗಸೆ ಹಾಕಿದಳು. ನಾನು ಗದ್ವಾಲದ ದಾರಿ ಹಿಡಿದೆ.

ತಿಂಗಳು ಬಿಟ್ಟು ತಿರುಗಿ ಬಂದೆ. ಬಿಸಿಲ ಹೊತ್ತು. ಆ ಮನೆಯ ಮಗ್ಗಗಳ ಸದ್ದು ಓಣಿಯ ತುದಿಗೇ ಕೇಳಬೇಕಿತ್ತು, ಕೇಳಲಿಲ್ಲ. ಯಾರೋ ತೀರಿಹೋಗಿರಬೇಕು ಎಂದುಕೊಂಡೆ. ಪಡಸಾಲೆಯಲ್ಲಿ ಒಂದು ತಗಡಿನ ಪೆಟ್ಟಿಗೆಗೆ ಹಗ್ಗ ಬಿಗಿದಿತ್ತು. ಕಿರಿಯ ಸೊಸೆ ಕಂಬದ ಹತ್ತಿರ ನಿಂತಿದ್ದಳು. ಉಳಿದವರೆಲ್ಲ ಕುಳಿತಿದ್ದರು.

"ಬಾರವ್ವಾ ಪುಸ್ತಕದಾಕಿ" ಎಂದಳು ಅತ್ತೆ. "ನಾಳೆ ಮೋಟಾರಿಗೆ ಈಕೀನ್ನ ತವರಿಗೆ ಕಳಸಾಕತ್ತೀವಿ. ಅದಕ್ಕಿಂತ ಮೊದಲ ನೀ ಒಂದು ಮಾತು ಹೇಳು. ಆ ಸ್ಟೇಷನ್ನಿನ ಕಥೀ ಕೊನಿ ಏನು?"

"ಹೇಳಿದ್ನೆಲ್ರಿ."

"ಮತ್ತೊಮ್ಮಿ ಹೇಳು."

ಕಾಲು ಸುಡುತ್ತಿದ್ದವು, ನೀರು ಸಹ ಕೊಟ್ಟಿರಲಿಲ್ಲ. ಬೇಗ ಮುಗಿಯಲಿ ಎಂದು ಅದನ್ನೇ ಹೇಳಿದೆ. ಗಾಡಿ ಬರುತ್ತದೆ, ಹತ್ತುವುದಿಲ್ಲ, ತಿರುಗಿ ಬರುತ್ತಾಳೆ.

ಅತ್ತೆ ಎಲ್ಲರ ಕಡೆ ತಿರುಗಿದಳು. "ಕೇಳಿದ್ರಿಲ್ಲೋ? ಈಕಿ ಓದಿದ್ದು ಏನು? ಗಾಡಿ ಹತ್ತಿದ್ಳು, ಹೋದ್ಳು, ತಿರುಗಿ ಬರಲಿಲ್ಲ. ಪುಸ್ತಕದಾಗ ಇಲ್ಲದ್ದು ಈಕೀ ಬಾಯಾಗ ಎಲ್ಲಿಂದ ಬಂತು? ಹೊಟ್ಟ್ಯಾಗ ಇದ್ದದ್ದು ಬಂತು. ಮಾರಿ ಮುಂದ ಪುಸ್ತಕ ಹಿಡಕೊಂಡು ತನ್ನ ಮನಸಿನ್ಯಾದು ಹೇಳಿದ್ಳು. ಹೋಗಾಕಿ ಹೋಗ್ಲಿ. ನಾವ ಕಳಸತೀವಿ."

ನನಗೆ ಆಗ ತಿಳಿಯಿತು. ನಾನು ಬಾಗಿಲಲ್ಲಿ ನಿಂತು ಹೇಳಿದ ಮಾತೇ ಆ ಹುಡುಗಿಯ ಪೆಟ್ಟಿಗೆಗೆ ಹಗ್ಗ ಬಿಗಿದಿತ್ತು.

ಹುಡುಗಿ ಅಳಲಿಲ್ಲ. "ಪುಸ್ತಕದಾಗ ಹಂಗ ಐತ್ರಿ" ಎಂದಳು. "ಹತ್ತು ಸಲ ಹೇಳೀನಿ. ಓದಾಕ ಬರೋರಿಗೆ ತೋರಸ್ರಿ ಅಂತ."

ಮನೆಯ ಜಗಳವನ್ನು ನೆರೆಮನೆಗೆ ಒಯ್ಯುವಂತಿಲ್ಲ, ಓದಲು ಬರುವ ಇನ್ನೊಬ್ಬರೆಂದರೆ ಊರ ಮಠದ ಅಯ್ಯ. ಗಂಡ ಹೆಂಡತಿಯ ಕಾದಂಬರಿಯನ್ನು ಅಯ್ಯನ ಮುಂದೆ ಒಯ್ಯಲು ಆ ಮನೆಯವರಿಗೆ ನಾಚಿಕೆ. ಹಾಗಾಗಿ ನನ್ನ ದಾರಿ ಕಾದಿದ್ದರು. ಮಾವ ಕಚೇರಿಯಲ್ಲಿ ಎರಡು ಸಲ ಸಾಕ್ಷಿ ಹೇಳಿದವನು, ಅವನಿಗೆ ಅದರ ಹೆಮ್ಮೆ ಇತ್ತು. "ಸಬೂತು ಇಲ್ಲದ ಫೈಸಲಾ ಬ್ಯಾಡ" ಎಂದ. "ಪುಸ್ತಕ ಈ ಬುಟ್ಟಿಯಾಕೀ ಕೈಯಾಗ ಕೊಡು. ಓದಲಿ."

ಕೊಟ್ಟರು. ಕೊನೆಯ ಹಾಳೆ ತೆರೆದೆ. ಮನಸ್ಸಿನಲ್ಲಿಯೇ ಕೊನೆಯ ಸಾಲುಗಳ ಒಂದೊಂದು ಅಕ್ಷರ ಕೂಡಿಸಿದೆ. ಹುಡುಗಿ ಹೇಳಿದ್ದೇ ಇತ್ತು. ತೊಟ್ಟಿಲೂ ಇಲ್ಲ, ಕಾಲಿಗೆ ಬೀಳುವುದೂ ಇಲ್ಲ.

ನಾನು ಒಳ್ಳೆಯವಳು ಎಂದು ಇದನ್ನು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ನಾನು ನನ್ನದೇ ಯೋಚಿಸಿದೆ. ಆ ಓಣಿಯ ಮನೆಗಳೆಲ್ಲ ಒಂದಕ್ಕೊಂದು ಬೀಗರು. ಒಂದು ಮನೆ ನನ್ನನ್ನು ಸುಳ್ಳಿ ಎಂದರೆ ಓಣಿಯೇ ಬಾಗಿಲು ಹಾಕುತ್ತದೆ. ಪುಸ್ತಕ ನನ್ನ ಕೈಯಲ್ಲಿತ್ತು, ಹುಡುಗಿಯನ್ನು ಬಿಟ್ಟರೆ ಬೇರೆ ಯಾರಿಗೂ ಓದಲು ಬರುವುದಿಲ್ಲ. ನಾನು ಹೇಳಿದ್ದೇ ಇದೆ ಎಂದು ಮುಚ್ಚಿದ್ದರೆ ಮುಗಿಯುತ್ತಿತ್ತು. ಹುಡುಗಿ ಅಣ್ಣನ ಮನೆಯಲ್ಲಿ ಕಸ ಹೊಡೆಯುತ್ತ ಮುದುಕಿಯಾಗುತ್ತಿದ್ದಳು. ನಾನು ಮುಂದಿನ ಮನೆಗೆ ಹೋಗುತ್ತಿದ್ದೆ.

"ಸುಮ್ನ ಯಾಕ ನಿಂತಿ? ಗಟ್ಟ್ಯಾಗಿ ಓದು" ಎಂದ ಮಾವ.

ಓದಿದೆ. ಪುಣ್ಯದ ಆಸೆಗಲ್ಲ. ಬಾಯಲ್ಲಿ ಒಂದು ಓದುತ್ತ ಮನಸ್ಸಿನಲ್ಲಿ ಇನ್ನೊಂದು ಹುಟ್ಟಿಸಲು ಓದು ಚೆನ್ನಾಗಿ ಬರಬೇಕು. ನನಗೆ ಬರುತ್ತಿರಲಿಲ್ಲ. ಕಣ್ಣ ಮುಂದಿನ ಅಕ್ಷರ ಬಿಟ್ಟರೆ ನನಗೆ ಬೇರೆ ದಾರಿ ಇರಲಿಲ್ಲ. "ಗಾ-ಡಿ ಸೀಟಿ ಹಾ-ಕಿತು" ಎಂದು ಶುರು ಮಾಡಿದೆ. "ಅವಳು ಪೆ... ಪೆಟ್ಟಿಗೆಯನ್ನು ಒಳಗೆ ದೂಡಿ ತಾನೂ ಹ... ಹತ್ತಿದಳು." ಅಲ್ಲಿ ನಿಂತೆ, ಒತ್ತು ಬಂದಿತ್ತು. ಮಾವ ಮುಂದೆ ಎಂದ. "ತಿರುಗಿ ನೋಡಲಿಲ್ಲ."

ಒಂದು ಹಾಳೆ ಮುಗಿಸಲು ಬಿಸಿಲು ಪಡಸಾಲೆಯಿಂದ ಅಂಗಳಕ್ಕೆ ಇಳಿಯಿತು. ಯಾರೂ ಏಳಲಿಲ್ಲ. ನನ್ನ ಓದು ಅಷ್ಟು ತಡವರಿಸುತ್ತಿತ್ತು, ಇದನ್ನು ಹುಟ್ಟಿಸಿ ಹೇಳುತ್ತಿದ್ದಾಳೆ ಎಂದು ಯಾರಿಗೂ ಅನಿಸಲು ಸಾಧ್ಯವಿರಲಿಲ್ಲ.

ಅತ್ತೆ ಪುಸ್ತಕ ಇಸಿದುಕೊಂಡು ನನ್ನ ಬುಟ್ಟಿಯೊಳಗೆ ಹಾಕಿದಳು. ಆಮೇಲೆ ನನ್ನನ್ನು ಕೇಳಿದಳು.

"ಹಂಗಾದ್ರ ಸುಳ್ಳು ಹೇಳಿದಾಕಿ ನೀನು."

"ಹೌದ್ರಿ. ನಂಗ ಒಬ್ಬಾಕಿ ಹಂಗ ಹೇಳಿದ್ಳು. ನಾ ನೋಡದ ಹೊತ್ಕೊಂಡು ಬಂದೆ."

"ಯಾರಾಕಿ?"

"ಹೇಳಂಗಿಲ್ರಿ."

"ಈಗ ಬಂದ ಮ್ಯಾಲೂ ಅದ ಸುಳ್ಳು ಹೇಳಿದಿ."

"ಹೌದ್ರಿ."

ಅವಳು ಸೊಸೆಯ ಕಡೆ ತಿರುಗಿದಳು. ಈಗ ಸಮಾಧಾನದ ಮಾತು ಬರುತ್ತದೆ ಎಂದುಕೊಂಡೆ. ಬರಲಿಲ್ಲ.

"ಹಂಗ ಬರದಿತ್ತು ಸರಿ. ನಿಂಗ ಬುದ್ಧಿ ಎಲ್ಲಿ ಹೋಗಿತ್ತು? ಮಾವ ಕುಂತಾನ, ಭಾವಂದಿರು ಕುಂತಾರ, ಗಂಡ ಮಗ್ಗದ ಮ್ಯಾಲೆ ಅದಾನ. ಅದನ್ನ ಬದಲಿ ಓದಾಕ ಬರತಿರಲಿಲ್ಲೇನು? ಆಕಿ ಯಾರೋ ಓದ್ಯಾಳಲ್ಲ, ಬದಲಿ ಹೇಳ್ಯಾಳ. ಆಕೀಗೆ ಇದ್ದ ಬುದ್ಧಿ ನಿಂಗ ಯಾಕ ಇಲ್ಲ?"

"ಬರದಿದ್ದು ಓದಿದೆ ಅತ್ತಿ" ಎಂದಳು ಹುಡುಗಿ.

ಮಾವ ಎದ್ದು ತಾನೇ ಹಗ್ಗ ಬಿಚ್ಚಿದ. ಹಿರಿಯ ಸೊಸೆಗೆ ಪೆಟ್ಟಿಗೆ ಒಳಗಿಡಲು ಹೇಳಿದ. ನನಗೆ ಹೇಳಿದ್ದು, "ಗಲತಿ ನಿಂದು. ಇನ್ನ ಈ ಹೊಸ್ತಿಲಿಗೆ ಬುಟ್ಟಿ ತರಬ್ಯಾಡ." ನಾನು ತಲೆ ತಗ್ಗಿಸಿ ಬುಟ್ಟಿ ಎತ್ತಿದೆ. ಹಿಂದಿನಿಂದ ಮಗ್ಗದ ಸದ್ದು ಶುರುವಾಯಿತು. ಹುಡುಗಿಯ ಗಂಡ ಅಷ್ಟು ಹೊತ್ತೂ ಒಂದು ಮಾತು ಆಡಿರಲಿಲ್ಲ. ಮೊದಲು ಮಗ್ಗಕ್ಕೆ ಕುಳಿತವನು ಅವನೇ.

ಆ ಓಣಿ ಮುಚ್ಚಿತು. ಸೂಜಿ ದಾರವನ್ನೂ ಕೊಳ್ಳಲಿಲ್ಲ. ನಾನು ನಡೆದುಕೊಂಡು ಮಕ್ತಲಕ್ಕೆ ಹೋದೆ. ಯಜಮಾನಿ ಹುಣಸೆ ಹಣ್ಣು ಬಿಡಿಸುತ್ತ ಕುಳಿತಿದ್ದಳು. ನಾನು ಬುಟ್ಟಿ ಇಳಿಸಿ ಕೇಳಿದೆ.

"ಆ ಪುಸ್ತಕದಾಗ ಆಕಿ ಗಾಡಿ ಹತ್ತತಾಳ. ನೀವು ಹತ್ತಲಿಲ್ಲ ಅಂತ ಯಾಕ ಹೇಳಿದ್ರಿ?"

ಅವಳು ಬೀಜ ಬೇರೆ ಮಾಡುತ್ತಲೇ ಇದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಪೆಟ್ಟಿಗೆ, ಹಗ್ಗ, ಓಣಿ.

"ಕಳಸಿದ್ರೇನು ಹುಡುಗೀನ್ನ?"

"ಇಲ್ರಿ. ಉಳಕೊಂಡ್ಳು."

"ಹಂಗಾದ್ರ ಆತು."

"ನಂಗ ಆಗಲಿಲ್ಲಲ್ರಿ. ಯಾಕ ಹಂಗ ಹೇಳಿದ್ರಿ?"

ಆಗ ಅವಳು ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. "ನಾನು ಮೂರು ಸಲ ಮನಿ ಬಿಟ್ಟು ಹೋಗಿ ಮೂರು ಸಲ ತಿರುಗಿ ಬಂದಾಕಿ. ಆಕೀಗೆ ಏನು ಧಾಡಿ ತಿರುಗಿ ಬರಾಕ?"

ಅವಳು ಒಂದು ಲೋಟ ಮಜ್ಜಿಗೆ ತರಿಸಿಕೊಟ್ಟಳು. ಮುಂದೆ ಅವಳಿಗೆ ಖೂನಿಯ ಪುಸ್ತಕ ಮಾತ್ರ ಕೊಟ್ಟೆ. ಅವುಗಳಲ್ಲೂ ಅವಳು ಕೊಂದವನನ್ನು ಬದಲಿಸುತ್ತಿದ್ದಳೋ ಏನೋ, ನಾನು ಕೇಳಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ನಾರಾಯಣಪೇಟೆಯ ಆ ಅತ್ತೆಯಿಂದಲೇ ಹೇಳಿಕೆ ಬಂತು, ನೂಲು ತರುವ ಹೆಂಗಸಿನ ಕೈಯಲ್ಲಿ. ಹೋದೆ. ಹೊಸ್ತಿಲ ಹೊರಗೇ ನಿಂತೆ. ಅವಳು ಒಳಗೆ ಕರೆಯಲಿಲ್ಲ, ಬೈದು ಹೊರಗೂ ಹಾಕಲಿಲ್ಲ.

"ಮಧ್ಯಾಹ್ನ ಕೈ ಓಡವಲ್ದು. ಮಗ್ಗದ ಮ್ಯಾಲ ತೂಕಡಸತಾರ. ಏನರ ತಾ."

"ಎಂಥಾದು ಬೇಕ್ರಿ?"

"ಖೂನೀದು ತಾ. ಅದರಾಗ ಸಾಯತಾರ, ಮನಿ ಬಿಟ್ಟು ಹೋಗಂಗಿಲ್ಲ."

ಕೊಟ್ಟೆ. ಮುಂದಿನ ಸುತ್ತಿನಲ್ಲಿ ಪುಸ್ತಕ ತಿರುಗಿ ಕೊಡಲು ಕಿರಿಯ ಸೊಸೆ ಬಂದಳು. ಕೊಡ ಹಿಡಿದುಕೊಂಡು ನನ್ನ ಜೊತೆ ಬಾವಿಯ ತನಕ ನಡೆದಳು. ಕಥೆ ಹೇಳಬೇಕಲ್ಲ, ಹೇಳಿದಳು. ಬಾವಿಯ ಹತ್ತಿರ ಬಂದಾಗ ನಿಂತಳು.

"ಅವ್ವಾ, ಕೊಂದಾಕಿ ಹಿರೀ ಸೊಸಿ. ಪುಸ್ತಕದಾಗ ಹಂಗೈತಿ. ನಮ್ಮನ್ಯಾಗ ಗುಮಾಸ್ತ ಕೊಂದ ಅಂತ ಓದೀನಿ. ಹಿರೀ ಅಕ್ಕಾರು ನನ್ನ ಕಂಡಿಕಿ ಸುತ್ತತಿದ್ರು, ಎದುರಿಗೆ ಹ್ಯಾಂಗ ಓದಾಕ ಬರತೈತಿ?"

"ಗೊತ್ತಾಗಲಿಲ್ಲೇನು ಅವರಿಗೆ?"

"ಮೊದಲಿಂದ ಗುಮಾಸ್ತಗ ಒಂದೊಂದು ಕೆಟ್ಟ ಗುಣ ಹಚ್ಚಿಕೋತ ಬಂದೆ. ಅವರ ಅಂದ್ರು, ಇವನ ಕೊಂದಾಂವ ಅಂತ."

ಅವಳು ನಗಲಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. ಅಲ್ಲಿಂದ ಮುಂದೆ ಪ್ರತಿ ಪುಸ್ತಕಕ್ಕೂ ಎರಡು ಕೊನೆ ಹೇಳುತ್ತಿದ್ದಳು, ಒಂದು ಪುಸ್ತಕದ್ದು, ಒಂದು ಮಗ್ಗದ ಮನೆಯದ್ದು. ರಾಜರ ಕಥೆ, ರೈಲಿನಲ್ಲಿ ಬೆನ್ನು ಹತ್ತುವ ಕಥೆ, ಆಮೇಲೆ ಅತ್ತೆಯೇ ಮನಸ್ಸು ಸಡಿಲಿಸಿ ಕೇಳಿದ ಗಂಡ ಹೆಂಡತಿಯ ಕಥೆ. ಓಣಿಯ ಬೇರೆ ಮನೆಗಳೂ ಒಂದೊಂದಾಗಿ ಬಾಗಿಲು ತೆರೆದವು. ಆ ಮನೆಯಲ್ಲಿ ಅವಳಿಗೆ ಒಂದು ಜಾಗವಾಯಿತು. ಅವಳು ಜ್ವರ ಬಂದು ಮಲಗಿದರೆ ಅತ್ತೆ ಗಂಜಿ ಕುಡಿಸುತ್ತಿದ್ದಳಂತೆ, ಬೇಗ ಏಳಲಿ, ಕಥೆ ನಿಂತಿದೆ ಎಂದು. ಮಗು ಆಮೇಲೆ ಆಯಿತು. ಆದರೆ ಅವಳು ಉಳಿದದ್ದು ಮಗುವಿನಿಂದಲ್ಲ.

ಒಂದು ಸಲ ಬಾವಿಯ ಕಟ್ಟೆಯ ಮೇಲೆ ಅವಳು ಕೊಡ ತುಂಬಿಸದೆ ಕುಳಿತಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ದಣಿವಾತೇನು?" ಎಂದೆ.

"ಓದಾಕ ದಣಿವಿಲ್ಲ ಅವ್ವಾ. ಬದಲಿ ಮಾಡಾಕ ದಣಿವಾಗತೈತಿ. ಮುಂದಿನ ಹಾಳೀನ್ಯಾಗ ಏನು ಬರತೈತೋ ಅಂತ ಬಾಯಿ ಓದತಿರತೈತಿ, ಕಣ್ಣು ಮುಂದ ಓಡತಿರತೈತಿ. ಯಾರೂ ಮನಿ ಬಿಡದ, ಯಾರೂ ಸೊಸ್ತೇರು ಕೆಟ್ಟವರಲ್ಲದ ಒಂದು ಕಾದಂಬರಿ ಇಲ್ಲೇನು? ಒಂದರ ತಾ. ಇದ್ದಂಗ ಓದತೀನಿ."

ಮುಂದಿನ ತಿಂಗಳು ರಾಯಚೂರಿಗೆ ಹೋದಾಗ ಅಂಗಡಿಯವನನ್ನು ಕೇಳಿದೆ. ಅವನು ಎಂದಿನಂತೆ, ನಾ ಏನು ಓದೀನೇನು, ನೀನ ನೋಡು ಎಂದು ಹೊಸದಾಗಿ ಬಂದ ಕಟ್ಟನ್ನು ನನ್ನ ಕಡೆ ತಳ್ಳಿದ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಒಂದೊಂದರ ಕೊನೆಯ ಹಾಳೆ ತೆರೆದು ಬೆರಳಿಟ್ಟು ಓದಿದೆ. ಒಂದರಲ್ಲಿ ಸೊಸೆ ಸಾಯುತ್ತಾಳೆ. ಎರಡರಲ್ಲಿ ಮನೆ ಬಿಟ್ಟು ಹೋಗುತ್ತಾಳೆ. ಒಂದರಲ್ಲಿ ಅತ್ತೆ ಸಾಯುತ್ತಾಳೆ, ಅದೂ ಆಗುವುದಿಲ್ಲ. ಪಂಚಾಂಗ ಕೊಳ್ಳಲು ಬಂದವರು ನನ್ನನ್ನು ದಾಟಿಕೊಂಡು ಹೋದರು. ಊಟದ ಹೊತ್ತು ಮೀರಿತು. ಐದನೆಯದರ ಕೊನೆಯಲ್ಲಿ ಎಲ್ಲರೂ ಕುಳಿತು ಉಣ್ಣುತ್ತಿದ್ದರು, ಯಾರೂ ಎಲ್ಲಿಗೂ ಹೋಗಿರಲಿಲ್ಲ.

ಅದನ್ನು ಬೇರೆ ಕಟ್ಟಿದೆ. ನಾರಾಯಣಪೇಟೆಗೆ ಹೋದಾಗ ಬೇರೆ ಯಾರಿಗೂ ತೋರಿಸದೆ ನೇರ ಆ ಮನೆಗೆ ಒಯ್ದೆ. ಅತ್ತೆ ಬುಟ್ಟಿಯ ಮೇಲೆ ಕೈ ಇಟ್ಟು ಕೊನೆ ಕೇಳಿದಳು. ಹೇಳಿದೆ. ಈ ಸಲ ನಾನೇ ಓದಿದ್ದು ಎಂದೆ.

"ನಂಬಬೇಕೇನು?" ಎಂದಳು.

"ನಂಬದಿದ್ರ ಬಿಡ್ರಿ, ಓದಿಸಿ ಕೇಳ್ರಿ" ಎಂದೆ. ಪುಸ್ತಕ ಒಳಗೆ ಹೋಯಿತು.